ಒಂದು ಪಾಠದಿಂದ ಇನ್ನೊಂದು ಪಾಠಕ್ಕೆ

ಕೊಪ್ಪಳದಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಹಿಟ್ನಾಳವೆಂಬ ಊರಿದೆ. ಅಲ್ಲಿಂದ ಅನತಿದೂರದಲ್ಲಿ, ಮುನಿರಾಬಾದಿನ ಬಳಿ, ತುಂಗಭದ್ರೆಯ ಅಣೆಕಟ್ಟು ನಿಂತಿದೆ. ಈ ಊರಿನ ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನನ್ನು ನಾವು ಕಲ್ಪಿಸಿಕೊಳ್ಳೋಣ. ಭೂಗೋಳದ ಪಾಠದಲ್ಲಿ ಅವನು ನದೀಕಣಿವೆ ಯೋಜನೆಗಳ ಪಟ್ಟಿಯೊಳಗೆ ಈ ಅಣೆಕಟ್ಟಿನ ಹೆಸರನ್ನು ಓದುತ್ತಾನೆ. ಚರಿತ್ರೆಯ ಪಾಠದಲ್ಲಿ, ಇದೇ ನದಿಯ ದಂಡೆಯಲ್ಲಿ ಮೆರೆದ ವಿಜಯನಗರವನ್ನೂ ಅದರ ಅರಸರ ಕಾಲದ ಕಾಲುವೆಗಳನ್ನೂ ಕುರಿತು ಕೇಳುತ್ತಾನೆ. ವಿಜ್ಞಾನದಲ್ಲಿ ದ್ರವಗಳ ಒತ್ತಡ. ಗಣಿತದಲ್ಲಿ ತ್ರಿಕೋನದ ಕ್ಷೇತ್ರಫಲ. ನಡುನಡುವೆ ಗಂಟೆ ಬಾರಿಸುತ್ತದೆ. ಒಂದು ಪುಸ್ತಕ ಚೀಲದೊಳಕ್ಕೆ ಹೋಗಿ ಇನ್ನೊಂದು ಹೊರಬರುತ್ತದೆ. ನಾಲ್ಕು ಪಾಠಗಳೂ ಒಂದೇ ನೀರಿನ ಮಾತನ್ನು ಆಡಿದುವೆಂಬುದು ಅವನಿಗೆ ಹೊಳೆಯುತ್ತದೆಯೆ?

ತಾನಾಗಿ ಹೊಳೆಯುವುದು ಅಪರೂಪ. ಹಿಂದಿನ ವಿದ್ವಾಂಸರು ಹಾಗೆ ಎಣಿಸಿರಲಿಲ್ಲ. ಮನಸ್ಸು ಗರಡಿಯಲ್ಲಿ ಪಳಗುವ ತೋಳಿನಂತೆ. ಲ್ಯಾಟಿನ್ ವ್ಯಾಕರಣದಲ್ಲಿಯೂ ರೇಖಾಗಣಿತದಲ್ಲಿಯೂ ಪಳಗಿದ ಬುದ್ಧಿ ಬೇರಾವ ವಿಷಯವನ್ನಾದರೂ ಎತ್ತಬಲ್ಲುದು ಎಂದು ಯೂರೋಪಿನಲ್ಲಿ ನಂಬಿದ್ದರು. ಅಮರಕೋಶವನ್ನು ಬಾಯಿಪಾಠ ಮಾಡಿಸಿದ ನಮ್ಮ ಹಿರಿಯರಲ್ಲಿಯೂ ಇಂಥ ನಂಬಿಕೆ ಇಲ್ಲದಿರಲಿಲ್ಲ. 1901ರಲ್ಲಿ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷೆಗೆ ಒಡ್ಡಿದರು. ಆಯತಗಳ ಕ್ಷೇತ್ರಫಲವನ್ನು ಕಣ್ಣಳತೆಯಿಂದ ಹೇಳುವುದರಲ್ಲಿ ಕೆಲವರಿಗೆ ಅಭ್ಯಾಸ ಮಾಡಿಸಿ, ಬಳಿಕ ಬೇರೆ ಗಾತ್ರದ, ಬೇರೆ ಆಕಾರದ ಕಾಗದಗಳನ್ನು ಮುಂದಿಟ್ಟರು. ಆಯತಗಳಲ್ಲಿ ಬಂದಿದ್ದ ಚಾತುರ್ಯದಲ್ಲಿ ಸ್ವಲ್ಪ ಭಾಗ ಮಾತ್ರವೇ ಇವುಗಳ ತನಕ ಬಂದಿತು.

ನಮ್ಮ ದೇಶದಲ್ಲಿಯೇ ನಡೆದ ಪರೀಕ್ಷೆಯೊಂದು ಇನ್ನೂ ಕಠಿನವಾದ ಫಲವನ್ನು ಕೊಟ್ಟಿತು. ಕಲ್ಕತ್ತೆ ಮತ್ತು ದೆಹಲಿಯ ಸಂತೆಗಳಲ್ಲಿ ಮಾರಾಟ ಮಾಡುವ ಮಕ್ಕಳನ್ನು ಕುರಿತು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಸಂಗಡಿಗರು 2025ರಲ್ಲಿ ಪ್ರಕಟಿಸಿದ ಅಧ್ಯಯನವಿದು. ತೂಕ, ದರ, ಚಿಲ್ಲರೆಗಳ ತೊಡಕಿನ ಲೆಕ್ಕವನ್ನು ಕಾಗದವಿಲ್ಲದೆ ಸರಿಯಾಗಿ ಹೇಳುವ ಮಕ್ಕಳಲ್ಲಿ ಅನೇಕರು, ಪುಸ್ತಕದ ಮಾದರಿಯ ಸುಲಭವಾದ ಭಾಗಾಕಾರದ ಮುಂದೆ ತಡವರಿಸಿದರು. ಶಾಲೆಯ ಮಕ್ಕಳಾದರೋ ಪುಸ್ತಕದ ಲೆಕ್ಕವನ್ನು ಮಾಡಿ, ಸಂತೆಯ ಲೆಕ್ಕದಲ್ಲಿ ಸೋತರು. ಎರಡೂ ಒಂದೇ ಗಣಿತ, ನಡುವೆ ಗೋಡೆ.

ಹಾಗಾದರೆ ಗೋಡೆಯನ್ನು ದಾಟುವ ಬಗೆ ಇಲ್ಲವೆ? ಇದೆ. 1908ರಲ್ಲಿ ಜಡ್ ಎಂಬ ವಿದ್ವಾಂಸರು ಪ್ರಕಟಿಸಿದ ಪ್ರಯೋಗವು ಭೌತಶಾಸ್ತ್ರದವರಾದ ನಮಗೆ ಬಹು ಪ್ರಿಯವಾದುದು. ನೀರಿನ ಅಡಿಯಲ್ಲಿ ಇಟ್ಟ ಗುರಿಗೆ ಹುಡುಗರು ಸಣ್ಣ ಈಟಿಯನ್ನು ಎಸೆಯಬೇಕು. ಕಾಲುವೆಯಲ್ಲಿ ಕೋಲನ್ನು ಅದ್ದಿ ನೋಡಿದವರಿಗೆಲ್ಲ ಗೊತ್ತಿರುವಂತೆ, ನೀರೊಳಗಿನ ವಸ್ತು ಇರುವೆಡೆಯಲ್ಲಿ ಕಾಣುವುದಿಲ್ಲ. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುತ್ತದೆ. ಒಂದು ಗುಂಪಿಗೆ ಈ ವಕ್ರೀಭವನದ ತತ್ತ್ವವನ್ನು ಮೊದಲೇ ವಿವರಿಸಲಾಗಿತ್ತು, ಇನ್ನೊಂದಕ್ಕೆ ಇಲ್ಲ. ಹನ್ನೆರಡು ಅಂಗುಲ ಆಳದಲ್ಲಿ ಎರಡು ಗುಂಪುಗಳೂ ಸಮ ಸಮ! ತತ್ತ್ವವನ್ನು ತಿಳಿದುದರಿಂದ ಕೈಗೆ ಏನೂ ಲಾಭವಾಗಲಿಲ್ಲ. ಆದರೆ ಆಳವನ್ನು ನಾಲ್ಕು ಅಂಗುಲಕ್ಕೆ ಇಳಿಸಿದೊಡನೆ, ತತ್ತ್ವವನ್ನು ಅರಿತವರು ಬೇಗನೆ ಗುರಿಯನ್ನು ತಿದ್ದಿಕೊಂಡರು. ಉಳಿದವರ ಹಳೆಯ ರೂಢಿ ಅವರಿಗೇ ಅಡ್ಡಿಯಾಯಿತು. ತತ್ತ್ವ ಮಾತ್ರವೂ ಸಾಲದು, ರೂಢಿ ಮಾತ್ರವೂ ಸಾಲದು. ತತ್ತ್ವವು ಎರಡನೆಯ ಸನ್ನಿವೇಶವೊಂದನ್ನು ಕಾಣಬೇಕು. ಆಗ ಅದು ದಾಟುತ್ತದೆ.

ಹಿಟ್ನಾಳದ ಹುಡುಗನಿಗೆ ಎರಡನೆಯ ಸನ್ನಿವೇಶ ಮನೆಯ ಬಳಿಯಲ್ಲೇ ಇದೆ. 1953ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟಿಗೆ 33 ಬಾಗಿಲುಗಳು. 2024ರ ಆಗಸ್ಟ್ 10ರ ರಾತ್ರಿ 19ನೆಯ ಬಾಗಿಲಿನ ಸರಪಳಿ ತುಂಡಾಗಿ, ಬಾಗಿಲು ಕೊಚ್ಚಿಹೋಯಿತು. ಸರಪಳಿ ಏಕೆ ತುಂಡಾಯಿತೆಂಬುದು ಬೇರೆ ಪ್ರಶ್ನೆ; ತುಂಬಿದ ಜಲಾಶಯದಲ್ಲಿ ಅಂಥ ಬಾಗಿಲು ತಡೆದು ನಿಲ್ಲುವ ಬಲವೆಷ್ಟೆಂಬುದನ್ನು ಹತ್ತನೆಯ ತರಗತಿಯವನೇ ಕಂಡುಹಿಡಿಯಬಹುದು. ಬಾಗಿಲಿನ ಅಗಲ 60 ಅಡಿ, ಎತ್ತರ 20 ಅಡಿ. ಎಂದರೆ ಸುಮಾರು 18.3 ಮೀಟರು ಮತ್ತು 6.1 ಮೀಟರು. ನೀರು ಬಾಗಿಲಿನ ಮೇಲಂಚಿನ ಮಟ್ಟಕ್ಕೆ ನಿಂತಿದೆ ಎನ್ನೋಣ. ಅಲ್ಲಿ ನೀರಿನ ಒತ್ತಡ ಸೊನ್ನೆ. ಕೆಳಗಿಳಿದಂತೆ ಸಮನಾಗಿ ಏರಿ, ಕೆಳಅಂಚಿನಲ್ಲಿ ಚದರ ಮೀಟರಿಗೆ ಸುಮಾರು 60,000 ನ್ಯೂಟನ್ ಆಗುತ್ತದೆ. ಆಳಕ್ಕೆ ಎದುರಾಗಿ ಒತ್ತಡವನ್ನು ಬರೆದರೆ ದೊರೆಯುವ ಆಕೃತಿ ತ್ರಿಕೋನ. ಗಣಿತದ ಪಾಠದಲ್ಲಿ ಕಲಿತ ಆ 'ಅರ್ಧ' ಇಲ್ಲಿ ಬಂತು: ಸರಾಸರಿ ಒತ್ತಡ ಚದರ ಮೀಟರಿಗೆ 30,000 ನ್ಯೂಟನ್. ಬಾಗಿಲಿನ ಕ್ಷೇತ್ರಫಲ ಸುಮಾರು 112 ಚದರ ಮೀಟರು. ಗುಣಿಸಿದರೆ ಬಲವು 33 ಲಕ್ಷ ನ್ಯೂಟನ್ನಿಗೂ ಮಿಕ್ಕಿದುದು. ಹೆಚ್ಚು ಕಡಿಮೆ 340 ಟನ್ನು ಭಾರಕ್ಕೆ ಸಮ.

ಇಷ್ಟು ಹೇಳಿದ ಮೇಲೆ ನಾವು ನಮ್ಮ ಕಾಲೇಜಿನ ತರಗತಿಯಲ್ಲಿ ಒಂದು ಪ್ರಶ್ನೆ ಕೇಳುವುದುಂಟು: ಜಲಾಶಯವು ಈಗಿರುವುದಕ್ಕಿಂತ ಎರಡರಷ್ಟು ಉದ್ದವಾಗಿದ್ದರೆ ಬಾಗಿಲಿನ ಮೇಲಿನ ಬಲ ಎಷ್ಟಾಗುತ್ತದೆ? "ಎರಡರಷ್ಟು" ಎಂದು ಬಹುಮಂದಿ ಕೈಯೆತ್ತುತ್ತಾರೆ. ಒತ್ತಡವು ಆಳವನ್ನು ಮಾತ್ರ ಅವಲಂಬಿಸುವುದೆಂಬ ವಾಕ್ಯವನ್ನು ಅದೇ ಮಂದಿ ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದಿರುತ್ತಾರೆ! ಹಿಂದೆ ನಾವು ಇದನ್ನು ಅವರ ಅಲಕ್ಷ್ಯವೆಂದೇ ತಿಳಿದಿದ್ದೆವು. ಆಮೇಲೆ ನಮ್ಮ ತಪ್ಪು ನಮಗೇ ಕಂಡಿತು. ಗಣಿತದವರು ಸರಳರೇಖೆಯ ಇಳಿಜಾರೆಂದು ಕಲಿಸಿದುದನ್ನೇ ನಾವು ವೇಗ-ಕಾಲಗಳ ನಕ್ಷೆಯಲ್ಲಿ ವೇಗೋತ್ಕರ್ಷವೆಂದು ಕಲಿಸುತ್ತಿದ್ದೆವು. ಅಕ್ಷರಗಳನ್ನು ಬದಲಿಸಿದ್ದೆವು, ಎರಡೂ ಒಂದೇ ಎಂದು ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದೆ ತಿಳಿಯಲೆಂದು ಬಯಸುವುದು ಉಪಾಧ್ಯಾಯರ ಹಳೆಯ ಚಾಳಿ.

ಮತ್ತೆ ಅಣೆಕಟ್ಟಿಗೆ ಬರೋಣ. ಮೊದಲಿಗೆ ಅದರಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. 2016ರ ಅಳತೆಯ ಪ್ರಕಾರ ಈ ಸಾಮರ್ಥ್ಯವು 106 ಟಿ.ಎಂ.ಸಿ.ಗೆ ತುಸು ಕಡಿಮೆ. ಮೇಲಿನ ಸೀಮೆಯ ಮಣ್ಣನ್ನು ಮಳೆ ಕೊಚ್ಚುತ್ತದೆ, ಇದು ಭೂಗೋಳ. ಜಲಾಶಯವನ್ನು ಹೊಕ್ಕ ನದಿಯ ವೇಗ ತಗ್ಗಿ ಹೂಳು ತಳಕ್ಕಿಳಿಯುತ್ತದೆ, ಇದು ಭೌತಶಾಸ್ತ್ರ. ಹೋದದ್ದು ನೂರಕ್ಕೆ ಇಪ್ಪತ್ತು, ಇದು ಅಂಕಗಣಿತ. ಸೆಕೆಂಡಿಗೆ 4,000 ಘನ ಅಡಿ ಹರಿಯುವ ಕಾಲುವೆಯೊಂದನ್ನು ಈ ಕಳೆದುಹೋದ 27 ಟಿ.ಎಂ.ಸಿ. ಎಷ್ಟು ದಿನ ನಡೆಸಬಹುದಾಗಿತ್ತು? ಒಂದು ದಿನಕ್ಕೆ 86,400 ಸೆಕೆಂಡುಗಳು. ಹಿಟ್ನಾಳದ ಹುಡುಗನು ಭಾಗಿಸಿ ನೋಡಿದರೆ 78 ದಿನಗಳೆಂದು ಬರುತ್ತದೆ. ಗಂಗಾವತಿಯ ಗದ್ದೆಯಲ್ಲಿ ನೆಟ್ಟ ಬತ್ತಕ್ಕೆ 78 ದಿನಗಳ ನೀರೆಂದರೇನೆಂಬುದನ್ನು ಅವನು ಮನೆಯಲ್ಲಿ ಕೇಳಿ ತಿಳಿಯಬಹುದು.