ಹಳ್ಳಿಗೆ ಹೋಗುವ ಡಾಕ್ಟರು ಎಲ್ಲಿ ತಯಾರಾಗುತ್ತಾರೆ?

ಮೇ ತಿಂಗಳು ಬಂತೆಂದರೆ ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ನೀಟ್ ಪರೀಕ್ಷೆಯ ಜ್ವರ. ಮನೆಗೆ ಬಂದ ಹಿರಿಯರೆಲ್ಲ ಆ ಮಕ್ಕಳಿಗೆ ಹಾಕುವ ಪ್ರಶ್ನೆಯೂ ಒಂದೇ: "ಡಾಕ್ಟರಾದ ಮೇಲೆ ಊರಿಗೆ ಹೋಗಿ ಸೇವೆ ಮಾಡ್ತೀಯೇನಪ್ಪಾ?" ಹೂಂ ಅಂದರೆ ಒಳ್ಳೆಯ ಮಗು, ಇಲ್ಲ ಅಂದರೆ ಸ್ವಾರ್ಥಿ. ನನಗಂತೂ ಈ ಪ್ರಶ್ನೆಯೇ ಸರಿಯಿಲ್ಲ ಅನ್ನಿಸುತ್ತದೆ. ಹದಿನೆಂಟನೆಯ ವಯಸ್ಸಿನಲ್ಲಿ ನೀವು ಕೊಡುವ ಉತ್ತರದಿಂದ ಏನೂ ತೀರ್ಮಾನವಾಗುವುದಿಲ್ಲ. ಆಮೇಲಿನ ಐದೂವರೆ ವರ್ಷ ನಿಮ್ಮನ್ನು ಎಲ್ಲಿ ನಿಲ್ಲಿಸಿ, ಯಾರಿಂದ, ಏನು ಕಲಿಸುತ್ತಾರೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ನಮ್ಮ ವೈದ್ಯಕೀಯ ಕಾಲೇಜುಗಳು ಹೆಚ್ಚಾಗಿ ಪಟ್ಟಣಗಳಲ್ಲಿವೆ. 2011ರ ಜನಗಣತಿಯ ಪ್ರಕಾರ ದೇಶದ ನೂರಕ್ಕೆ ಸುಮಾರು 69 ಮಂದಿ ಇರುವುದು ಹಳ್ಳಿಗಳಲ್ಲಿ. ವಿದ್ಯಾರ್ಥಿ ಕಲಿಯುವುದು ನೂರಾರು ಹಾಸಿಗೆಗಳ ದೊಡ್ಡ ಆಸ್ಪತ್ರೆಯಲ್ಲಿ. ಅಲ್ಲಿ ಪಾಠ ಹೇಳುವವರೆಲ್ಲ ಸ್ಪೆಷಲಿಸ್ಟರು. ಹೃದಯಕ್ಕೊಬ್ಬರು, ಮೂತ್ರಪಿಂಡಕ್ಕೊಬ್ಬರು, ಕಣ್ಣಿಗೊಬ್ಬರು. ಅನುಮಾನ ಬಂದರೆ ಸ್ಕ್ಯಾನ್ ಇದೆ, ಲ್ಯಾಬ್ ಇದೆ, ಪಕ್ಕದಲ್ಲಿ ಸೀನಿಯರ್ ಇದ್ದಾರೆ. ಹೀಗೆ ಕಲಿತವರನ್ನು ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂರಿಸಿ ನೋಡಿ. ಸರ್ಕಾರದ ಲೆಕ್ಕದಲ್ಲಿ ಬಯಲು ಸೀಮೆಯಲ್ಲಿ 30,000 ಜನಕ್ಕೆ ಅಂಥದೊಂದು ಕೇಂದ್ರ, ಗುಡ್ಡಗಾಡಿನಲ್ಲಿ 20,000 ಜನಕ್ಕೆ. ಬೆಳಿಗ್ಗೆ ಚಳಿಜ್ವರ, ಮಧ್ಯಾಹ್ನ ನಾಯಿ ಕಚ್ಚಿದ ಮಗು, ರಾತ್ರಿ ಹೆರಿಗೆ ಅಥವಾ ಹಾವು ಕಡಿತ. ಕೇಳೋಣವೆಂದರೆ ಪಕ್ಕದಲ್ಲಿ ಯಾರೂ ಇಲ್ಲ. ಆಗ ಹುಟ್ಟುವುದು ಹೆದರಿಕೆ. ನಾವು ಹೊರಗಿನಿಂದ ನೋಡಿ ಅದಕ್ಕೆ ಸ್ವಾರ್ಥ ಎಂದು ಹೆಸರಿಡುತ್ತೇವೆ.

ಇನ್ನು ಭಾಷೆಯ ಮಾತು. ಪುಸ್ತಕವೆಲ್ಲ ಇಂಗ್ಲಿಷ್. ಆದರೆ ಹಳ್ಳಿಯ ಅಜ್ಜಿ ಹೇಳುವುದು "ಸಂಕಟ ಆಗ್ತದೆ", "ಎದೆ ಉರೀತದೆ", "ಕೈಕಾಲು ಸೋತು ಬರ್ತದೆ" ಎಂದು. ಈ ಸಂಕಟ ಹೊಟ್ಟೆಯದೋ, ಎದೆಯದೋ, ಮನಸ್ಸಿನದೋ? ಇನ್ನೊಂದು ಪ್ರಶ್ನೆ ಕೇಳಿದರೆ ತಾನೇ ಗೊತ್ತಾಗುವುದು! ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ನಮ್ಮ ಮಕ್ಕಳು ಇದನ್ನು ಸ್ವಲ್ಪ ಯೋಚಿಸಬೇಕು. 2019ರಲ್ಲಿ ಬಂದ ಹೊಸ ಪಠ್ಯಕ್ರಮದಲ್ಲಿ ಮೊದಲ ವರ್ಷದ ಆರಂಭದಲ್ಲೇ ಸ್ಥಳೀಯ ಭಾಷೆಯ ಕಲಿಕೆಯನ್ನು ಸೇರಿಸಿದ್ದಾರೆ. ತಡವಾಗಿಯಾದರೂ ಬಂತಲ್ಲ.

ಇದೆಲ್ಲ ಹೊಸದಾಗಿ ಕಂಡುಹಿಡಿದ ಕೊರತೆಯೇನೂ ಅಲ್ಲ. ಸ್ವಾತಂತ್ರ್ಯಕ್ಕೆ ಮೊದಲೇ, 1946ರಲ್ಲಿ, ಭೋರ್ ಸಮಿತಿ ತನ್ನ ವರದಿಯಲ್ಲಿ ಸಮಾಜದ ವೈದ್ಯರು ಬೇಕು, ಅದಕ್ಕಾಗಿ ವಿದ್ಯಾರ್ಥಿಗಳಿಗೆ ಮೂರು ತಿಂಗಳ ಬೇರೆಯೇ ತರಬೇತಿ ಬೇಕು ಎಂದು ಹೇಳಿತ್ತು. ಆಮೇಲೆ ಗ್ರಾಮೀಣ ತರಬೇತಿ ಬಂತು, ಹೌಸ್‌ಸರ್ಜನ್ಸಿಯಲ್ಲಿ ಹಳ್ಳಿ ಪೋಸ್ಟಿಂಗೂ ಬಂತು. ಆದರೆ ಆ ಹೊತ್ತಿಗೆ ಮನಸ್ಸು ಪಿ.ಜಿ. ಪ್ರವೇಶ ಪರೀಕ್ಷೆಯ ಕಡೆ ಓಡಿರುತ್ತದೆ. ಬೇಗ ಸಹಿ ಹಾಕಿ ಲೈಬ್ರರಿಗೆ ಹೋಗಿ ಕೂತವರನ್ನು ನಾನು ದೂರುವುದಿಲ್ಲ. "ಬರೀ ಎಂ.ಬಿ.ಬಿ.ಎಸ್ಸಾ?" ಎಂದು ಮೂಗು ಮುರಿಯುವವರು ನಾವೇ ಅಲ್ಲವೇ, ಮದುವೆಯ ಮಾತುಕತೆಯಲ್ಲಂತೂ!

ಬೇರೆ ದಾರಿ ಹಿಡಿದ ಕಾಲೇಜೊಂದು ನಮ್ಮ ಮಹಾರಾಷ್ಟ್ರದಲ್ಲೇ ಇದೆ. ಸೇವಾಗ್ರಾಮ ಎಕ್ಸ್‌ಪ್ರೆಸ್ ರೈಲಿನ ಹೆಸರು ಮುಂಬಯಿಯವರಿಗೆಲ್ಲ ಗೊತ್ತು. ಆ ಸೇವಾಗ್ರಾಮ ವರ್ಧಾದ ಹತ್ತಿರದ ಹಳ್ಳಿ. ಗಾಂಧೀಜಿಯ ವೈದ್ಯೆಯಾಗಿದ್ದ ಡಾ. ಸುಶೀಲಾ ನಾಯರ್ 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, ಅಲ್ಲಿ ಮಹಾತ್ಮ ಗಾಂಧಿ ವೈದ್ಯಕೀಯ ವಿಜ್ಞಾನ ಸಂಸ್ಥೆಯನ್ನು ಆರಂಭಿಸಿದರು. ಹೊಸದಾಗಿ ಸೇರಿದವರು ಮೊದಲು ಆಶ್ರಮದಲ್ಲಿ ಕೆಲವು ದಿನ ಇರಬೇಕು. ಖಾದಿ ಉಡಬೇಕು, ಶ್ರಮದಾನ ಮಾಡಬೇಕು. ಇದು ಹೊರಗಿನ ನೋಟಕ್ಕೆ ಕಾಣುವ ಸಂಗತಿ. ನನಗೆ ಮುಖ್ಯ ಎನಿಸಿದ್ದು ಇನ್ನೊಂದು. ಪ್ರತಿ ಬ್ಯಾಚಿಗೂ ಒಂದು ಹಳ್ಳಿ. ವಿದ್ಯಾರ್ಥಿಗಳು ಆ ಹಳ್ಳಿಯಲ್ಲೇ ಸುಮಾರು ಹದಿನೈದು ದಿನ ಬಿಡಾರ ಹೂಡುತ್ತಾರೆ. ಒಬ್ಬೊಬ್ಬರಿಗೆ ನಾಲ್ಕಾರು ಮನೆಗಳು. ಆಮೇಲೂ ಆ ಮನೆಗಳಿಗೆ ಹೋಗಿ ಬರುತ್ತಿರಬೇಕು. ಬಸುರಿಯ ರಕ್ತಹೀನತೆ, ಮಗುವಿನ ತೂಕ, ಬಾವಿಯ ನೀರು ಎಲ್ಲವೂ ಅವರ ಪಾಠವೇ. ಆಸ್ಪತ್ರೆಯ ಹಾಸಿಗೆಯ ಮೇಲೆ ಕೇಸಾಗಿ ಕಾಣುವ ಹೆಂಗಸು ಇಲ್ಲಿ ಒಲೆಯ ಮುಂದೆ ಕೂತಿರುತ್ತಾಳೆ. ಅವಳಿಗೆ ಮಾತ್ರೆ ನುಂಗಲು ಯಾಕೆ ಪುರುಸೊತ್ತಿಲ್ಲ ಎಂಬುದೂ ಅಲ್ಲಿ ಕಣ್ಣಿಗೆ ಬೀಳುತ್ತದೆ.

ಆ ಕಾಲೇಜು ಇನ್ನೂ ಒಂದು ಜಾಣತನ ಮಾಡಿತ್ತು. ಹಲವು ವರ್ಷಗಳ ಕಾಲ, ಅದರ ಪದವೀಧರರಿಗೆ ಅಲ್ಲೇ ಎಂ.ಡಿ. ಅಥವಾ ಎಂ.ಎಸ್. ಸೀಟು ಬೇಕಾದರೆ ಮೊದಲು ಎರಡು ವರ್ಷ ಗ್ರಾಮೀಣ ಸೇವೆ ಮಾಡಿ ಬರಬೇಕೆಂಬ ನಿಯಮವಿತ್ತು. ಹಳ್ಳಿಯೇ ಮುಂದಿನ ಓದಿಗೆ ಮೆಟ್ಟಿಲು! ಹಾಗೆಂದು ಅಲ್ಲಿ ಓದಿದವರೆಲ್ಲ ಹಳ್ಳಿಯಲ್ಲೇ ಉಳಿದರೆಂದಲ್ಲ. ನಗರಕ್ಕೆ, ವಿದೇಶಕ್ಕೆ ಹೋದವರೂ ಬೇಕಾದಷ್ಟಿದ್ದಾರೆ.

ಜಪಾನಿನವರು ಇನ್ನೂ ಮುಂದೆ ಹೋದರು. 1972ರಲ್ಲಿ ಶುರುವಾದ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯ ಪ್ರತಿಯೊಂದು ಪ್ರಾಂತದಿಂದಲೂ ಎರಡು ಮೂರು ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುತ್ತದೆ. ಖರ್ಚು ಅವರ ಪ್ರಾಂತದ್ದು. ಓದು ಮುಗಿದ ಮೇಲೆ ಒಂಬತ್ತು ವರ್ಷ ತಮ್ಮ ಪ್ರಾಂತದಲ್ಲಿ, ಅದರಲ್ಲೂ ಹಳ್ಳಿಗಾಡಿನಲ್ಲಿ, ದುಡಿಯಬೇಕು. ಕರಾರು ಮುಗಿದ ಮೇಲೂ ಅಂಥ ಕಡೆ ಉಳಿಯುವವರು ಬೇರೆ ಕಾಲೇಜಿನವರಿಗಿಂತ ಇವರಲ್ಲೇ ಹೆಚ್ಚು. ಹಳ್ಳಿಯಲ್ಲಿ ಬೆಳೆದವರು ಹಳ್ಳಿಯಲ್ಲಿ ನಿಲ್ಲುವ ಸಂಭವ ಹೆಚ್ಚೆಂದು ಬೇರೆ ಬೇರೆ ದೇಶಗಳ ಅಧ್ಯಯನಗಳೂ ಹೇಳುತ್ತವೆ. ಆದರೆ ಹಳ್ಳಿಯ ಹುಡುಗ ಲಕ್ಷಾಂತರ ರೂಪಾಯಿಯ ಕೋಚಿಂಗ್ ದಾಟಿ ಸೀಟಿನವರೆಗೆ ಬರುವುದಾದರೂ ಹೇಗೆ?

ಕರ್ನಾಟಕ ಸರ್ಕಾರ 2012ರಲ್ಲಿ ಕಡ್ಡಾಯ ಸೇವೆಯ ಕಾಯ್ದೆ ಮಾಡಿತು. ಅದು ಕೋರ್ಟಿನ ಮೆಟ್ಟಿಲನ್ನೂ ಹತ್ತಿತು, ತಿದ್ದುಪಡಿಗಳನ್ನೂ ಕಂಡಿತು. ಕಡ್ಡಾಯ ತಪ್ಪೆಂದು ನಾನು ಹೇಳುವುದಿಲ್ಲ. ಕುರ್ಚಿಯಾದರೂ ತುಂಬುತ್ತದೆ. ಆದರೆ ಐದೂವರೆ ವರ್ಷ ಹಳ್ಳಿಗೆ ಬೆನ್ನು ಹಾಕಿ ಕೂರಿಸಿ, ಕೊನೆಗೆ ಒಂದು ವರ್ಷ ಅಲ್ಲಿಗೇ ಅಟ್ಟಿದರೆ ಅವರು ದಿನ ಎಣಿಸದೆ ಇನ್ನೇನು ಮಾಡುತ್ತಾರೆ?

ಇದಕ್ಕೆ ತದ್ವಿರುದ್ಧದ ಕಥೆ ಮೈಸೂರಿನದು. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಓದು ಮುಗಿಸಿ ಹೆಗ್ಗಡದೇವನಕೋಟೆಯ ಕಾಡಂಚಿನ ಆದಿವಾಸಿಗಳ ನಡುವೆ ಕೆಲಸಕ್ಕಿಳಿದರು. ಸರಗೂರಿನಲ್ಲಿ ಅವರ ಆಸ್ಪತ್ರೆ ಇದೆ. ಅವರನ್ನು ಯಾವ ಬಾಂಡೂ ಅಲ್ಲಿಗೆ ಕಳಿಸಲಿಲ್ಲ. ಬಡ ರೋಗಿಯ ಕಷ್ಟ ವಿದ್ಯಾರ್ಥಿದೆಸೆಯಲ್ಲೇ ಅವರ ಕಣ್ಣಿಗೆ ಬಿದ್ದಿತ್ತು.

2022ರಿಂದ ಎಲ್ಲ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳೂ ಮೊದಲ ವರ್ಷದಿಂದಲೇ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಳ್ಳುವ ಕಾರ್ಯಕ್ರಮ ಬಂದಿದೆ. ಸೇವಾಗ್ರಾಮದ ನೆರಳು ಅದರಲ್ಲಿ ಕಾಣುತ್ತದೆ. ಬಸ್ಸಿನಲ್ಲಿ ಹೋಗಿ, ಫಾರಂ ತುಂಬಿಸಿ, ಫೋಟೋ ತೆಗೆದು ಸಂಜೆಯೊಳಗೆ ವಾಪಸಾದರೆ ಅದೂ ಇನ್ನೊಂದು ಸಬ್ಜೆಕ್ಟು, ಅಷ್ಟೆ. ಹಾಗಾಗಿ ಸೀಟು ಆರಿಸುವಾಗ ಹಾಸ್ಟೆಲ್, ಫೀಸು, ರ‍್ಯಾಂಕ್ ವಿಚಾರಿಸುವ ಜೊತೆಗೆ ಅಲ್ಲಿಯ ಸೀನಿಯರ್‌ಗಳನ್ನು ಕರೆದು ಕೇಳಿ: ಕಾಲೇಜಿನ ಹಳ್ಳಿ ಎಷ್ಟು ದೂರ, ಅಲ್ಲಿ ರಾತ್ರಿ ಉಳಿಯುತ್ತೀರಾ, ನಿಮ್ಮ ಜೊತೆ ಬರುವ ಪ್ರೊಫೆಸರ್ ಯಾರು?