ಎರಿಕ್ ಓಲ್ಸನ್ ಅವರ ಹೃದಯಕೋಶ ಸಂಶೋಧನೆ

ಎರಿಕ್ ಎನ್. ಓಲ್ಸನ್ (ಜನನ: 1955) ಅಮೆರಿಕದ ಅಣುಜೀವವಿಜ್ಞಾನಿ, ಡಲ್ಲಾಸ್ ನಗರದ ಟೆಕ್ಸಾಸ್ ವಿಶ್ವವಿದ್ಯಾಲಯದ ಸೌತ್‌ವೆಸ್ಟರ್ನ್ ವೈದ್ಯಕೀಯ ಕೇಂದ್ರದ ಅಣುಜೀವವಿಜ್ಞಾನ ವಿಭಾಗದ ಸ್ಥಾಪಕ ಮುಖ್ಯಸ್ಥರು. ಭ್ರೂಣದಲ್ಲಿ ಹೃದಯಸ್ನಾಯುವಿನ ವಂಶವಾಹಿಗಳನ್ನು ಜಾಗೃತಗೊಳಿಸುವ ಪ್ರೋಟೀನುಗಳನ್ನು ಇವರ ಪ್ರಯೋಗಾಲಯವು ಗುರುತಿಸಿತು. ಅವುಗಳಲ್ಲೊಂದಾದ ಎಂಇಎಫ್2ಸಿ ಇಲ್ಲದ ಇಲಿಭ್ರೂಣದಲ್ಲಿ ಬಲ ಹೃತ್ಕುಕ್ಷಿಯೇ ರೂಪುಗೊಳ್ಳಲಿಲ್ಲ.

ಹೃದಯಾಘಾತದಲ್ಲಿ ನಾಶವಾದ ಸ್ನಾಯುಕೋಶಗಳ ಸ್ಥಾನದಲ್ಲಿ ವಯಸ್ಕರಲ್ಲಿ ನಾರಿನಂತಹ ಕಲೆ ಉಳಿಯುತ್ತದೆಯೇ ಹೊರತು ಹೊಸ ಸ್ನಾಯು ಸಾಕಷ್ಟು ಬೆಳೆಯುವುದಿಲ್ಲ. ಆದರೆ ಒಂದು ದಿನದ ಇಲಿಮರಿಯ ಹೃತ್ಕುಕ್ಷಿಯ ತುದಿಯನ್ನು ಕತ್ತರಿಸಿದರೂ ಸುಮಾರು ಮೂರು ವಾರಗಳಲ್ಲಿ ಅದು ಮತ್ತೆ ಬೆಳೆಯುತ್ತದೆಂದು ಹೆಶಾಮ್ ಸಾದೆಕ್ ಮತ್ತು ಓಲ್ಸನ್ ಅವರ ತಂಡ 2011ರಲ್ಲಿ ತೋರಿಸಿತು. ಏಳು ದಿನ ತುಂಬಿದ ಮರಿಯಲ್ಲಿ ಈ ಸಾಮರ್ಥ್ಯ ಕಾಣಲಿಲ್ಲ. ಆ ಒಂದು ವಾರದಲ್ಲಿ ನಡೆಯುವ ಬದಲಾವಣೆಯೇ ಈ ಸಂಶೋಧನೆಯ ತಿರುಳು. 2012ರಲ್ಲಿ ಇವರ ತಂಡವು ನಾಲ್ಕು ಪ್ರೋಟೀನುಗಳ ನೆರವಿನಿಂದ ಇಲಿಯ ನಾರುಕೋಶಗಳನ್ನು ಹೃದಯಸ್ನಾಯುವಿನಂತಹ ಕೋಶಗಳಾಗಿ ಪರಿವರ್ತಿಸಿತು.