ಪಾರ್ಶ್ವವಾಯು: ಶಬ್ದಾರ್ಥವೂ ಚಿಕಿತ್ಸಾಫಲವೂ

ಹುಬ್ಬಳ್ಳಿ ತಾಲ್ಲೂಕಿನ ಸುಳ್ಳದ ಕಡೆಯಲ್ಲಿ ಒಬ್ಬನ ಒಂದು ಮಗ್ಗುಲಿನ ಕೈಕಾಲುಗಳು ಸ್ವಾಧೀನ ತಪ್ಪಿದರೆ ಜನರು ‘ಲಕ್ವಾ ಹೊಡೆಯಿತು’ ಎನ್ನುವರು. ಲಕ್ವಾ ಎಂಬುದು ಅರಬ್ಬೀ ಮೂಲದ ಶಬ್ದ. ಯೂನಾನಿ ವೈದ್ಯದಲ್ಲಿ ಅದು ಮುಖದ ವಕ್ರತೆಗೆ ಮಾತ್ರ ಸಲ್ಲುವುದು. ಗ್ರಂಥಭಾಷೆಯಲ್ಲಿ ಈ ರೋಗಕ್ಕೆ ಪಾರ್ಶ್ವವಾಯುವೆಂದು ಹೆಸರು. ಚರಕಸಂಹಿತೆಯ ಚಿಕಿತ್ಸಾಸ್ಥಾನದ 28ನೆಯ ಅಧ್ಯಾಯದಲ್ಲಿ ಇದನ್ನು ಪಕ್ಷವಧವೆಂದೂ, ಸುಶ್ರುತಸಂಹಿತೆಯ ನಿದಾನಸ್ಥಾನದ ಪ್ರಥಮಾಧ್ಯಾಯದಲ್ಲಿ ಪಕ್ಷಾಘಾತವೆಂದೂ ಕರೆದಿದೆ. ಪ್ರಾಚೀನರ ಲಕ್ಷಣನಿರೂಪಣೆ ಸೂಕ್ಷ್ಮವಾದುದೇ. ಆದರೆ ಈ ಹೆಸರುಗಳಾವುವೂ ಮೆದುಳನ್ನು ನಿರ್ದೇಶಿಸುವುದಿಲ್ಲ. ಹೆಸರನ್ನೇ ನೆಚ್ಚಿದವನು ತೋಳಿಗೆ ಎಣ್ಣೆ ತಿಕ್ಕುತ್ತ ಕುಳಿತುಕೊಳ್ಳುವನು. ಕೇಡು ಸಂಭವಿಸಿರುವುದಾದರೋ ತಲೆಯೊಳಗೆ.

ಮೆದುಳಿನ ರಕ್ತನಾಳವು ಹೆಪ್ಪಿನಿಂದ ಮುಚ್ಚಿಹೋಗುವುದು, ಇಲ್ಲವೆ ಒಡೆದು ಸೋರುವುದು, ಇವೆರಡೂ ಈ ವ್ಯಾಧಿಗೆ ಕಾರಣಗಳು. ಹೊರಗಿನ ಲಕ್ಷಣಗಳು ಎರಡರಲ್ಲಿಯೂ ಒಂದೇ ತೆರನಾಗಿರಬಹುದು, ಚಿಕಿತ್ಸೆಯಾದರೋ ಭಿನ್ನ. ಹೆಪ್ಪನ್ನು ಕರಗಿಸುವ ಔಷಧವು ನಾಳ ಒಡೆದವನಿಗೆ ಪ್ರಾಣಾಂತಿಕವಾದೀತು. ಸಿ.ಟಿ. ಯಂತ್ರದಿಂದ ತಲೆಯ ಚಿತ್ರವನ್ನು ತೆಗೆದೇ ಭೇದವನ್ನು ನಿಶ್ಚಯಿಸಬೇಕು. ಆದುದರಿಂದ ಎಂತಹ ನಿಪುಣ ವೈದ್ಯನೂ ಕೇವಲ ನಾಡಿಯನ್ನು ನೋಡಿ ಈ ಔಷಧವನ್ನು ಕೊಡಲಾರನು. ಅನುಕೂಲವುಳ್ಳ ಆಸ್ಪತ್ರೆಯೇ ಬೇಕು.

ಕಾಲವೂ ಪರಿಮಿತವಾದುದು. 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 3 ಗಂಟೆಗಳೊಳಗೆ ಈ ಔಷಧವನ್ನು ಪಡೆದವರು ಮೂರು ತಿಂಗಳ ತರುವಾಯ ವೈಕಲ್ಯವಿಲ್ಲದೆ ಅಥವಾ ಅತ್ಯಲ್ಪ ವೈಕಲ್ಯದಿಂದ ಇರುವ ಸಂಭವವು ಇತರರಿಗಿಂತ ಶೇಕಡಾ 30ರಷ್ಟಾದರೂ ಅಧಿಕವೆಂದು ಕಂಡಿತು. ಅಪಾಯವೂ ಇಲ್ಲದಿಲ್ಲ: ಮೆದುಳಿನ ರಕ್ತಸ್ರಾವವು ಶೇಕಡಾ 0.6ಕ್ಕೆ ಬದಲಾಗಿ 6.4 ಮಂದಿಯಲ್ಲಿ ಕಂಡುಬಂದಿತು. 2008ರ ಇನ್ನೊಂದು ಪರೀಕ್ಷೆಯಿಂದ ಅವಧಿಯು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ನಿದ್ರೆಯಿಂದೆದ್ದಾಗ ರೋಗ ಕಂಡರೆ, ರೋಗಿಯು ಸ್ವಸ್ಥನಾಗಿದ್ದುದನ್ನು ಕಡೆಯ ಬಾರಿ ನೋಡಿದ ಹೊತ್ತಿನಿಂದ ಎಣಿಸುವುದು ವಾಡಿಕೆ. ಆ ಹೊತ್ತನ್ನು ಹೇಳಬಲ್ಲವರು ಮನೆಯವರೇ.

ಔಷಧ ಪಡೆಯದವರಿಗೂ ವಿಶೇಷ ಘಟಕವು ವ್ಯರ್ಥವಲ್ಲ. ನುಂಗುವ ಶಕ್ತಿಯನ್ನು ಪರೀಕ್ಷಿಸಿ ಅನ್ನ ನೀರು ಕೊಡುವುದು, ಅಂಗಸಾಧನೆ, ವಾಕ್‌ಶಿಕ್ಷಣ, ಇವು ಒಂದೆಡೆ ಕೂಡಿದಲ್ಲಿ ಮರಣವೂ ಪರಾಧೀನತೆಯೂ ಕಡಿಮೆಯಾಗುವುವು.

ಫಲವನ್ನು ಅಳೆಯುವುದೆಂತು? ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಮಹಾವಿದ್ಯಾಲಯವು ಆರಂಭವಾದ 1957ರಲ್ಲಿಯೇ ಜಾನ್ ರ‍್ಯಾಂಕಿನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಇದಕ್ಕೊಂದು ಶ್ರೇಣಿಯನ್ನು ಪ್ರಕಟಿಸಿದನು. ಅದರ ಪರಿಷ್ಕೃತ ರೂಪದಲ್ಲಿ 0 ಎಂದರೆ ಲಕ್ಷಣರಹಿತ, 6 ಎಂದರೆ ಮರಣ. 2ರಲ್ಲಿರುವವನು ತನ್ನ ಕೆಲಸವನ್ನು ತಾನೇ ನೋಡಿಕೊಳ್ಳಬಲ್ಲನು. 4ರಲ್ಲಿರುವವನು ಪರರ ಆಸರೆಯಿಲ್ಲದೆ ನಡೆಯಲಾರನು. ‘ಬದುಕಿದನು’ ಎಂಬ ಒಂದೇ ಕ್ರಿಯಾಪದವು ಈ ಇಬ್ಬರಿಗೂ ಸಲ್ಲುವುದಾದರೂ, ಒಬ್ಬ ಒಕ್ಕಲಿಗನ ಸಂಸಾರಕ್ಕೆ ಇವರ ಅಂತರವೇ ಸರ್ವಸ್ವ.

ಆದುದರಿಂದ ಉಪಾಧ್ಯಾಯರು ಪಾರ್ಶ್ವವಾಯುವೆಂಬ ಶಬ್ದವನ್ನು ಪಾಠದಲ್ಲಿ ಕಂಡಾಗ ವಿಗ್ರಹವಾಕ್ಯವನ್ನು ಹೇಳಿ ಬಿಡಬಾರದು. ಬಾಯಿ ಸೊಟ್ಟಗಾದರೆ, ತೋಳು ಜೋತರೆ, ಮಾತು ತೊದಲಿದರೆ 108ಕ್ಕೆ ಕರೆಕೊಟ್ಟು ಆಸ್ಪತ್ರೆಯನ್ನು ಸೇರಬೇಕೆಂಬುದನ್ನೂ ಅರ್ಥವಿವರಣೆಯಲ್ಲಿ ಸೇರಿಸಬೇಕು. ಹೆಸರು ಹಳೆಯದೇ ಇರಲಿ. ಅರ್ಥವು ಮೆದುಳನ್ನು ಮುಟ್ಟಲಿ.